ಹುದುಗುವಿಕೆ: ಆಮ್ಲಜನಕವಿಲ್ಲದೆ ಜೀವಕೋಶಗಳು ಶಕ್ತಿ ಪಡೆಯುವ ವಿಧಾನ ಹಾಗೂ ಜಾನುವಾರು ಸಾಕಣೆಯಲ್ಲಿ ಅದರ ಮಹತ್ವ

ಪೀಠಿಕೆ

ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಆಹಾರದಿಂದ ಪಡೆಯುತ್ತದೆ. ಪ್ರಾಣಿ ಹಾಗೂ ಸಸ್ಯಗಳ ಬಹುತೇಕ ಕೋಶಗಳು ಈ ಶಕ್ತಿಯನ್ನು ಬಿಡುಗಡೆ ಮಾಡಲು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆಮ್ಲಜನಕ ದೊರೆಯದ ಸ್ಥಳದಲ್ಲಿ, ಅಥವಾ ದೊರೆಯುವ ಆಮ್ಲಜನಕ ಸಾಲದಾದ ಸಮಯದಲ್ಲಿ, ಸಕ್ಕರೆಯನ್ನು ಪೂರ್ಣವಾಗಿ ಉರಿಸದೆ ಭಾಗಶಃ ಒಡೆದು ಅಲ್ಪ ಪ್ರಮಾಣದ ಶಕ್ತಿಯನ್ನು ಪಡೆಯುವ ಕ್ರಿಯೆಗೆ ಹುದುಗುವಿಕೆ ಎಂದು ಹೆಸರು. ಕೆಲವು ಗ್ರಂಥಗಳಲ್ಲಿ ಇದನ್ನು ಕಿಣ್ವನ ಎಂದೂ ಕರೆಯಲಾಗಿದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದು, ಹೆಪ್ಪು ಹಾಕಿದ ಹಾಲು ಮೊಸರಾಗುವುದು, ಈಚಲ ರಸ ಸೇಂದಿಯಾಗುವುದು ಇವೆಲ್ಲವೂ ಈ ಕ್ರಿಯೆಯ ನಿತ್ಯದ ಉದಾಹರಣೆಗಳು.

ಜಾನುವಾರು ಸಾಕುವವರಿಗೆ ಈ ವಿಷಯ ಕೇವಲ ಶಾಲಾ ಪಾಠವಲ್ಲ. ಹಸು, ಎಮ್ಮೆ, ಕುರಿ, ಮೇಕೆಗಳು ತಿಂದ ಮೇವು ಜೀರ್ಣವಾಗುವುದೇ ಹುದುಗುವಿಕೆಯಿಂದ. ಆ ಹುದುಗುವಿಕೆ ಹದ ತಪ್ಪಿದಾಗ ಒಂದೆರಡು ದಿನಗಳೊಳಗೆ ಪ್ರಾಣಿ ಸಾಯುವುದೂ ಉಂಟು. ಬೇಸಿಗೆಗೆಂದು ಕೂಡಿಡುವ ರಸಮೇವು ಕೆಡದೆ ಉಳಿಯುವುದು ಕೂಡ ಇದೇ ಕ್ರಿಯೆಯಿಂದ. ಆದುದರಿಂದ ಹೈನುಗಾರರು ಹಾಗೂ ಇಲಾಖೆಯ ಸೇವೆಗಳನ್ನು ಪಡೆಯಬಯಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಜೀವಕೋಶದೊಳಗೆ ನಡೆಯುವ ಕ್ರಿಯೆ

ಕೋಶದೊಳಗೆ ಬಂದ ಗ್ಲೂಕೋಸ್ ಎಂಬ ಸಕ್ಕರೆಯಲ್ಲಿ 6 ಇಂಗಾಲದ ಪರಮಾಣುಗಳಿರುತ್ತವೆ. ಇದು 10 ಹಂತಗಳಲ್ಲಿ ಒಡೆದು, ತಲಾ 3 ಇಂಗಾಲದ ಪರಮಾಣುಗಳುಳ್ಳ ಪೈರುವೇಟ್ ಎಂಬ ವಸ್ತುವಿನ ಎರಡು ಅಣುಗಳಾಗುತ್ತದೆ. ಪ್ರತಿ ಹಂತವನ್ನೂ ಒಂದೊಂದು ಕಿಣ್ವ ನಡೆಸಿಕೊಡುತ್ತದೆ. ಈ ಸರಣಿಗೆ ಗ್ಲೈಕಾಲಿಸಿಸ್ ಎಂದು ಹೆಸರು. ಇದಕ್ಕೆ ಆಮ್ಲಜನಕದ ಅಗತ್ಯವಿಲ್ಲ. ಕೋಶಗಳು ಶಕ್ತಿಯನ್ನು ಎಟಿಪಿ ಎಂಬ ಅಣುವಿನ ರೂಪದಲ್ಲಿ ಕೈಗೆಟುಕುವಂತೆ ಇಟ್ಟುಕೊಳ್ಳುತ್ತವೆ. ಗ್ಲೈಕಾಲಿಸಿಸ್‌ನಲ್ಲಿ ಮೊದಲು 2 ಎಟಿಪಿ ಖರ್ಚಾಗಿ, ನಂತರ 4 ಎಟಿಪಿ ಹುಟ್ಟುತ್ತವೆ. ಅಂದರೆ ನಿವ್ವಳ ಲಾಭ 2 ಮಾತ್ರ.

ಸಕ್ಕರೆ ಒಡೆಯುವಾಗ ಅದರಿಂದ ಹೊರಬರುವ ಹೈಡ್ರೋಜನ್ ಹಾಗೂ ಎಲೆಕ್ಟ್ರಾನುಗಳನ್ನು ಎನ್‌ಎಡಿ ಎಂಬ ಸಾಗಣೆಯ ಅಣು ಹೊತ್ತುಕೊಳ್ಳುತ್ತದೆ. ಕೋಶದಲ್ಲಿ ಈ ಅಣುಗಳ ಸಂಖ್ಯೆ ಬಹಳ ಕಡಿಮೆ. ಕಬ್ಬು ಸಾಗಿಸುವ ಗಾಡಿಗಳು ಕಾರ್ಖಾನೆಯ ಅಂಗಳದಲ್ಲಿ ಹೊರೆ ಇಳಿಸದೆ ಸಾಲುಗಟ್ಟಿ ನಿಂತರೆ ಅತ್ತ ಗದ್ದೆಯಲ್ಲಿ ಕಟಾವೂ ನಿಲ್ಲುವಂತೆ, ಎನ್‌ಎಡಿ ತನ್ನ ಹೊರೆಯನ್ನು ಎಲ್ಲಿಯಾದರೂ ಇಳಿಸಿ ಬರಿದಾಗಿ ಮರಳದಿದ್ದರೆ ಗ್ಲೈಕಾಲಿಸಿಸ್ ಕೆಲವೇ ಕ್ಷಣಗಳಲ್ಲಿ ನಿಂತುಹೋಗುತ್ತದೆ.

ಆಮ್ಲಜನಕ ಇರುವಾಗ ಈ ಹೊರೆಯನ್ನು ಮೈಟೊಕಾಂಡ್ರಿಯಾ ಎಂಬ ಕಣದಂಗಗಳಲ್ಲಿ ಇಳಿಸಲಾಗುತ್ತದೆ. ಅಲ್ಲಿ ಹಲವು ಹಂತಗಳನ್ನು ದಾಟಿ ಕೊನೆಗೆ ಆಮ್ಲಜನಕವೇ ಅದನ್ನು ಸ್ವೀಕರಿಸಿ ನೀರಾಗುತ್ತದೆ. ಪೈರುವೇಟ್ ಸಹ ಪೂರ್ಣವಾಗಿ ಉತ್ಕರ್ಷಣಗೊಂಡು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಈ ದಾರಿಯಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಒಟ್ಟು 30ರಿಂದ 32 ಎಟಿಪಿ ದೊರೆಯುತ್ತವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣುವ 36 ಅಥವಾ 38 ಎಂಬ ಅಂಕಿಗಳು ಹಿಂದಿನ ಲೆಕ್ಕಾಚಾರದವು.

ಆಮ್ಲಜನಕ ಇಲ್ಲದಿರುವಾಗ ಕೋಶ ಆ ಹೊರೆಯನ್ನು ಪೈರುವೇಟ್‌ನ ಮೇಲೆಯೇ ಇಳಿಸುತ್ತದೆ. ಆಗ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮೊಸರಿನ ಹುಳಿ ಇದೇ. ಯೀಸ್ಟ್ ಕೋಶಗಳು ಮಾತ್ರ ಇನ್ನೊಂದು ದಾರಿ ಹಿಡಿಯುತ್ತವೆ: ಅವು ಪೈರುವೇಟ್‌ನಿಂದ ಮೊದಲು ಇಂಗಾಲದ ಡೈ ಆಕ್ಸೈಡನ್ನು ಬಿಡಿಸಿ, ಉಳಿದ ಭಾಗಕ್ಕೆ ಹೈಡ್ರೋಜನನ್ನು ಸೇರಿಸಿ ಮದ್ಯಸಾರವನ್ನು ಉಂಟುಮಾಡುತ್ತವೆ. ಈ ಎರಡನೆಯ ಹೆಜ್ಜೆಯಿಂದ ಹೊಸದಾಗಿ ಎಟಿಪಿ ಏನೂ ಹುಟ್ಟುವುದಿಲ್ಲ. ಆಮ್ಲ ಅಥವಾ ಮದ್ಯಸಾರದ ತಯಾರಿಕೆ ಕೋಶದ ಉದ್ದೇಶವಲ್ಲ. ಎನ್‌ಎಡಿಯನ್ನು ಬಿಡಿಸಿಕೊಂಡು ಆ ಎರಡು ಎಟಿಪಿಗಳ ಆದಾಯವನ್ನು ಮುಂದುವರಿಸುವುದೇ ಉದ್ದೇಶ.

ಆದಾಯ ಇಷ್ಟು ಕಡಿಮೆ ಇರುವುದರಿಂದ, ಹುದುಗುವಿಕೆಯಿಂದ ಬದುಕುವ ಕೋಶ ಅದೇ ಕೆಲಸಕ್ಕೆ ಹಲವು ಪಟ್ಟು ಹೆಚ್ಚು ಸಕ್ಕರೆಯನ್ನು ಒಡೆಯಬೇಕಾಗುತ್ತದೆ. ಅದರಿಂದ ಹೊರಬೀಳುವ ಆಮ್ಲವೂ ಅಷ್ಟೇ ಹೆಚ್ಚು. ಮುಂದೆ ವಿವರಿಸಲಾಗುವ ಹೊಟ್ಟೆಯ ಆಮ್ಲತೆಗೂ ರಸಮೇವಿನ ಬಾಳಿಕೆಗೂ ಮೂಲ ಕಾರಣ ಈ ಒಂದು ಸಂಗತಿ.

ಹುದುಗುವಿಕೆ ಜೀವಂತ ಸೂಕ್ಷ್ಮಾಣುಗಳ ಕೆಲಸವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿಕೊಟ್ಟರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಅವರು ಯೀಸ್ಟನ್ನು ಅರೆದು ತೆಗೆದ, ಜೀವಂತ ಕೋಶಗಳಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ಕಂಡುಕೊಂಡರು. ಇದಕ್ಕಾಗಿ ಅವರಿಗೆ 1907ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಎಟಿಪಿಯನ್ನು 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಹಾಗೂ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಯೆಲ್ಲಾಪ್ರಗಡ ಸುಬ್ಬರಾವ್ ಪ್ರತ್ಯೇಕವಾಗಿ ಗುರುತಿಸಿದರು. ಸುಬ್ಬರಾವ್ ಅವರು ಇಂದಿನ ಆಂಧ್ರಪ್ರದೇಶದ ಭೀಮಾವರದಲ್ಲಿ ಜನಿಸಿದವರು. ಅವರ ಹೆಸರು ನಮ್ಮ ಪಾಠಗಳಲ್ಲಿ ಇನ್ನೂ ಅಪರೂಪವೇ.

ಪ್ರಾಣಿಗಳ ದೇಹದಲ್ಲಿಯೂ ಈ ಕ್ರಿಯೆ ಎಡೆಬಿಡದೆ ನಡೆಯುತ್ತಿರುತ್ತದೆ. ಸ್ತನಿಗಳ ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯಾ ಇಲ್ಲ. ದೇಹಕ್ಕೆಲ್ಲ ಆಮ್ಲಜನಕವನ್ನು ಹಂಚುವ ಆ ಕಣಗಳು ತಾವು ಮಾತ್ರ ಅದನ್ನು ಬಳಸದೆ, ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಬದುಕುತ್ತವೆ. ಭಾರ ಎಳೆಯುವ ಎತ್ತಿನ ಸ್ನಾಯುಗಳಲ್ಲಿಯೂ ಶ್ರಮ ಮಿತಿಮೀರಿದಾಗ ಇದೇ ದಾರಿ ಚುರುಕಾಗುತ್ತದೆ. ಹುಟ್ಟಿದ ಆಮ್ಲ ರಕ್ತದ ಮೂಲಕ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. ದುಡಿದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ರೂಢಿಯ ಮಾತು ಸರಿಯಲ್ಲ. ವಿಶ್ರಾಂತಿ ಪಡೆದ ಒಂದೆರಡು ಗಂಟೆಗಳಲ್ಲಿಯೇ ಅದು ರಕ್ತದಿಂದ ತೆರವಾಗಿರುತ್ತದೆ.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆ

ಹುಲ್ಲಿನ ನಾರನ್ನು ಒಡೆಯಬಲ್ಲ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದಿಲ್ಲ. ಆದರೂ ಅದು ಒಣಹುಲ್ಲು ತಿಂದು ಹಾಲು ಕೊಡುತ್ತದೆ. ಇದಕ್ಕೆ ಕಾರಣ ಪಶುವೈದ್ಯರು ರೂಮೆನ್ ಎಂದು ಕರೆಯುವ ಅದರ ಮೊದಲ ಹೊಟ್ಟೆ. ದೊಡ್ಡ ತಳಿಯ ವಯಸ್ಕ ಹಸುವಿನಲ್ಲಿ ಇದು 100ರಿಂದ 200 ಲೀಟರಿನಷ್ಟು ಹಿಡಿಯುವ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವ, ಬಹುತೇಕ ಆಮ್ಲಜನಕರಹಿತವಾದ ಒಂದು ಹುದುಗಿನ ಪಾತ್ರೆ. ಇದರ ಪ್ರತಿ ಮಿಲಿಲೀಟರ್ ದ್ರವದಲ್ಲಿ ಸಾವಿರ ಕೋಟಿಗೂ ಮಿಕ್ಕ ಬ್ಯಾಕ್ಟೀರಿಯಾಗಳು, ಲಕ್ಷಗಟ್ಟಲೆ ಪ್ರೊಟೊಜೋವಾಗಳು ಹಾಗೂ ಶಿಲೀಂಧ್ರಗಳು ನೆಲೆಸಿರುತ್ತವೆ.

ಈ ಸೂಕ್ಷ್ಮಾಣುಗಳು ನಾರು ಹಾಗೂ ಪಿಷ್ಟವನ್ನು ಸಕ್ಕರೆಯಾಗಿಸಿ, ಆ ಸಕ್ಕರೆಯನ್ನು ಹುದುಗಿಸಿ ತಮ್ಮ ಪಾಲಿನ ಎಟಿಪಿ ಪಡೆಯುತ್ತವೆ. ಅವು ಹೊರಹಾಕುವ ಅಸಿಟಿಕ್, ಪ್ರೊಪಿಯಾನಿಕ್ ಹಾಗೂ ಬ್ಯುಟಿರಿಕ್ ಆಮ್ಲಗಳನ್ನು ಹೊಟ್ಟೆಯ ಗೋಡೆ ಹೀರಿಕೊಳ್ಳುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 70ರಷ್ಟು ದೊರೆಯುವುದು ಈ ಆಮ್ಲಗಳಿಂದಲೇ. ಅಸಿಟಿಕ್ ಆಮ್ಲದಿಂದ ಹಾಲಿನ ಜಿಡ್ಡು ಕಟ್ಟುತ್ತದೆ. ಪ್ರೊಪಿಯಾನಿಕ್ ಆಮ್ಲದಿಂದ ಯಕೃತ್ತಿನಲ್ಲಿ ಗ್ಲೂಕೋಸ್ ತಯಾರಾಗಿ, ಅದರಿಂದ ಹಾಲಿನ ಸಕ್ಕರೆ ಉಂಟಾಗುತ್ತದೆ. ಹಸಿ ಮೇವು, ಒಣಮೇವು ಕಡಿಮೆ ಮಾಡಿ ಹಿಂಡಿಯನ್ನೇ ಹೆಚ್ಚಿಸಿದಾಗ ಡೇರಿಯ ಪರೀಕ್ಷೆಯಲ್ಲಿ ಜಿಡ್ಡಿನ ಅಂಶ ಕುಸಿಯುವುದಕ್ಕೆ ಈ ಆಮ್ಲಗಳ ಪ್ರಮಾಣ ಏರುಪೇರಾಗುವುದೂ ಒಂದು ಕಾರಣ. ಕೊನೆಗೆ ಆ ಸೂಕ್ಷ್ಮಾಣುಗಳೂ ಮುಂದಿನ ಹೊಟ್ಟೆಗೆ ಸಾಗಿ ಜೀರ್ಣವಾಗಿ ಹಸುವಿಗೆ ಸಸಾರಜನಕ ಒದಗಿಸುತ್ತವೆ. ಹೀಗಾಗಿ ಹಸುವಿಗೆ ಮೇವು ಹಾಕುವವರು ಮೊದಲು ಉಣಿಸುವುದು ಹಸುವಿಗಲ್ಲ, ಅದರ ಹೊಟ್ಟೆಯ ಸೂಕ್ಷ್ಮಾಣುಗಳಿಗೆ.

ಹುದುಗುವಿಕೆಯಿಂದ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಹಾಗೂ ಮೀಥೇನ್ ಅನಿಲಗಳನ್ನು ಹಸು ತೇಗಿನ ಮೂಲಕ ಹೊರಹಾಕುತ್ತದೆ. ತೇಗು ನಿಂತರೆ ಹೊಟ್ಟೆ ಉಬ್ಬರ ಉಂಟಾಗುತ್ತದೆ. ಎಳೆಯ ಕುದುರೆ ಮೆಂತೆಯಂತಹ ದ್ವಿದಳ ಮೇವನ್ನು ಹಸಿದ ಹೊಟ್ಟೆಯಲ್ಲಿ ಯಥೇಚ್ಛವಾಗಿ ತಿಂದಾಗ ಅನಿಲ ನೊರೆಯಲ್ಲಿ ಸಿಲುಕಿಕೊಳ್ಳುತ್ತದೆ. ಎಡಗಡೆಯ ಹಸಿವುಗುಳಿ ಉಬ್ಬಿ ಉಸಿರಾಟ ಕಷ್ಟವಾದರೆ ಅದನ್ನು ತುರ್ತು ಸ್ಥಿತಿಯೆಂದು ಭಾವಿಸಿ ಕೂಡಲೇ ಪಶುವೈದ್ಯರನ್ನು ಕರೆಸತಕ್ಕದ್ದು.

ಆಮ್ಲಗಳು ಇಷ್ಟೊಂದು ಹುಟ್ಟಿದರೂ ಹೊಟ್ಟೆ ಹುಳಿಯಾಗದಿರಲು ಜೊಲ್ಲು ಕಾರಣ. ಮೆಲುಕು ಹಾಕುವ ಹಸು ದಿನವೊಂದಕ್ಕೆ 100 ಲೀಟರಿಗೂ ಮೇಲ್ಪಟ್ಟು ಜೊಲ್ಲು ಸುರಿಸುತ್ತದೆ. ಅದರಲ್ಲಿ ಅಡಿಗೆ ಸೋಡಾದಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರವೇ ಇರುತ್ತದೆ. ನಾರಿನ ಮೇವು ತಿಂದಷ್ಟೂ ಮೆಲುಕು ಹೆಚ್ಚು, ಮೆಲುಕು ಹೆಚ್ಚಿದಷ್ಟೂ ಜೊಲ್ಲು ಹೆಚ್ಚು.

ಹೊಟ್ಟೆಯ ಆಮ್ಲತೆ: ಹಬ್ಬದ ಮರುದಿನದ ಅಪಾಯ

ಮದುವೆ, ಹಬ್ಬ, ಜಾತ್ರೆಗಳ ನಂತರ ಉಳಿದ ಅನ್ನ, ಪಾಯಸ, ಮುದ್ದೆ, ಹೋಳಿಗೆಗಳನ್ನು ಎಸೆಯಲು ಮನಸ್ಸು ಬಾರದೆ ಕೊಟ್ಟಿಗೆಗೆ ಹಾಕುವ ರೂಢಿ ಎಲ್ಲ ಕಡೆಯೂ ಇದೆ. ಗೋವಿಗೆ ಎಡೆ ಇಡುವುದು ಭಕ್ತಿಯ ಕೆಲಸವೂ ಹೌದು. ಒಂದು ತುತ್ತಿನ ಗೋಗ್ರಾಸದಿಂದ ತೊಂದರೆಯಿಲ್ಲ. ಬುಟ್ಟಿಗಟ್ಟಲೆ ಹಾಕಿದಾಗ ಅಪಾಯ ಖಂಡಿತ. ಸುಗ್ಗಿಯ ಕಾಲದಲ್ಲಿ ಕಣದ ರಾಶಿಗೆ ಬಾಯಿ ಹಾಕಿದ ಕುರಿ ಮೇಕೆಗಳಿಗೂ, ಹಗ್ಗ ಬಿಚ್ಚಿಕೊಂಡು ಹಿಟ್ಟಿನ ಚೀಲ ಖಾಲಿ ಮಾಡಿದ ಹಸುವಿಗೂ ಇದೇ ಗತಿ ಬರುತ್ತದೆ.

ಹುಲ್ಲಿನ ನಾರು ನಿಧಾನವಾಗಿ, ಗಂಟೆಗಟ್ಟಲೆ ಹುದುಗುತ್ತದೆ. ಧಾನ್ಯದ ಪಿಷ್ಟ ಬೇಗ ಹುದುಗುತ್ತದೆ. ಇಡೀ ಕಾಳಿಗಿಂತ ಹಿಟ್ಟು, ಹಿಟ್ಟಿಗಿಂತ ಬೇಯಿಸಿದ ಅನ್ನ ಅಥವಾ ಮುದ್ದೆ ಇನ್ನೂ ಬೇಗ. ಇಂತಹ ಆಹಾರ ಒಮ್ಮೆಲೇ ಹೊಟ್ಟೆ ಸೇರಿದಾಗ ಅಲ್ಲಿಯವರೆಗೆ ಅಲ್ಪಸಂಖ್ಯೆಯಲ್ಲಿದ್ದ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಅತಿವೇಗವಾಗಿ ವೃದ್ಧಿಯಾಗಿ, ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಇದು ಉಳಿದ ಆಮ್ಲಗಳಿಗಿಂತ ಸುಮಾರು ಹತ್ತು ಪಟ್ಟು ಪ್ರಬಲವಾದುದು. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ಹೊಟ್ಟೆಯ ಪಿಎಚ್ ಮಟ್ಟ 5ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾಗಳೂ ಪ್ರೊಟೊಜೋವಾಗಳೂ ಸಾಯುತ್ತವೆ. ಹುಳಿಯನ್ನು ತಾಳಬಲ್ಲ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಮಾತ್ರ ಉಳಿದು ಮತ್ತಷ್ಟು ಆಮ್ಲವನ್ನು ಸೇರಿಸುತ್ತವೆ. ಹೊಟ್ಟೆಯ ಚಲನೆ ನಿಲ್ಲುತ್ತದೆ. ಸಾಂದ್ರವಾದ ಆ ದ್ರವ ದೇಹದ ನೀರನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದರಿಂದ, ಹೊಟ್ಟೆ ತುಂಬ ನೀರಿದ್ದರೂ ಪ್ರಾಣಿಯ ರಕ್ತ ಗಟ್ಟಿಯಾಗುತ್ತದೆ. ಆಮ್ಲ ರಕ್ತಕ್ಕೂ ಸೇರುತ್ತದೆ.

ಲಕ್ಷಣಗಳು ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಪ್ರಾಣಿ ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ. ಕುಡಿದಂತೆ ತೂರಾಡಿ, ಕಣ್ಣುಗುಡ್ಡೆ ಒಳಸೇರಿ, ಕೊನೆಗೆ ಮಲಗಿಬಿಡುತ್ತದೆ. ಮೈ ಬಿಸಿಯಾಗದೆ ತಣ್ಣಗಾಗುವುದು ಕೆಟ್ಟ ಸೂಚನೆ. ತೀವ್ರ ಪ್ರಕರಣಗಳಲ್ಲಿ ಒಂದರಿಂದ ಮೂರು ದಿನಗಳಲ್ಲಿ ಸಾವು ಸಂಭವಿಸಬಹುದು. ಬದುಕಿ ಉಳಿದವುಗಳಲ್ಲಿಯೂ ವಾರಗಳ ನಂತರ ಗೊರಸಿನ ಉರಿಯೂತದಿಂದ ಕುಂಟುವಿಕೆ, ಯಕೃತ್ತಿನಲ್ಲಿ ಕೀವುಗಡ್ಡೆ ಕಂಡುಬರುವುದುಂಟು.

ಇಂತಹ ಸಂದರ್ಭದಲ್ಲಿ ಮಾಲೀಕರು ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ಲಕ್ಷಣ ಕಾಣುವವರೆಗೆ ಕಾಯಬಾರದು. ಪ್ರಾಣಿ ಅಧಿಕ ಧಾನ್ಯ ತಿಂದಿದೆಯೆಂದು ತಿಳಿದ ಕೂಡಲೇ ಉಳಿದ ಧಾನ್ಯವನ್ನು ದೂರವಿಟ್ಟು, ಒಣಹುಲ್ಲನ್ನು ಮಾತ್ರ ಒದಗಿಸಿ ಪಶುವೈದ್ಯರಿಗೆ ತಿಳಿಸುವುದು. ನೀರು ಎಷ್ಟು ಕುಡಿಸಬೇಕೆಂಬುದನ್ನೂ ಅವರನ್ನೇ ಕೇಳುವುದು ಸೂಕ್ತ. ಏನು ತಿಂದಿದೆ, ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು ಎಂಬ ಮೂರು ವಿವರಗಳು ಚಿಕಿತ್ಸೆಗೆ ಅತ್ಯಗತ್ಯ. ಸಂಕೋಚದಿಂದಲೋ ಮನೆಯವರ ಮೇಲೆ ತಪ್ಪು ಬರುವುದೆಂಬ ಅಂಜಿಕೆಯಿಂದಲೋ ಇದನ್ನು ಮರೆಮಾಚಿದರೆ ಅಮೂಲ್ಯ ವೇಳೆ ಕಳೆದುಹೋಗುತ್ತದೆ. ಇತ್ತೀಚೆಗೆ ಕರು ಹಾಕಿದ ಹಸು ಮಲಗಿದ್ದರೆ, ನೋಡಿದವರು ಅದನ್ನು ಸುಣ್ಣದಂಶದ ಕೊರತೆಯ ಹಾಲುಜ್ವರವೆಂದು ತಿಳಿಯುವ ಸಾಧ್ಯತೆಯೂ ಇದೆ.

ಸೌಮ್ಯ ಪ್ರಕರಣಗಳಲ್ಲಿ ಅಡಿಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಕುಡಿಸಲು ವೈದ್ಯರು ಸೂಚಿಸುತ್ತಾರೆ. ಪ್ರಮಾಣ ಪ್ರಾಣಿಯ ತೂಕವನ್ನು ಅವಲಂಬಿಸಿರುತ್ತದೆ, ಅಂದಾಜಿನಲ್ಲಿ ಕೊಡತಕ್ಕದ್ದಲ್ಲ. ಮಲಗಿರುವ ಅಥವಾ ನುಂಗಲಾರದ ಪ್ರಾಣಿಗೆ ಎಣ್ಣೆ, ಮಜ್ಜಿಗೆ, ಕಷಾಯ ಯಾವುದನ್ನೂ ಗೊಟ್ಟದಿಂದ ಹೊಯ್ಯಬಾರದು. ಅದು ಶ್ವಾಸಕೋಶ ಸೇರಿದರೆ ಒಂದು ಕಾಯಿಲೆಯ ಜೊತೆಗೆ ಮತ್ತೊಂದನ್ನು ತಂದುಕೊಂಡಂತಾಗುತ್ತದೆ. ತೀವ್ರ ಸ್ಥಿತಿಯಲ್ಲಿ ರಕ್ತನಾಳದ ಮೂಲಕ ದ್ರವ ನೀಡುವುದು, ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯನ್ನು ತೆರೆದು ಬರಿದು ಮಾಡುವುದು ಅನಿವಾರ್ಯವಾಗಬಹುದು. ಚೇತರಿಸಿಕೊಳ್ಳುವ ಪ್ರಾಣಿಗೆ ಆರೋಗ್ಯವಂತ ಹಸುವಿನ ಹೊಟ್ಟೆಯ ದ್ರವವನ್ನು ಕುಡಿಸುವ ಚಿಕಿತ್ಸೆಯೂ ಇದೆ. ಮೊಸರಿಗೆ ಹೆಪ್ಪು ಹಾಕಿದಂತೆ, ಸತ್ತುಹೋದ ಸೂಕ್ಷ್ಮಾಣುಗಳ ಸ್ಥಾನದಲ್ಲಿ ಹೊಸಬನ್ನು ನೆಲೆಗೊಳಿಸುವ ಕ್ರಮವಿದು.

ಹಾಲು ಹೆಚ್ಚಿಸಲು ಹಿಂಡಿ ಅಥವಾ ಧಾನ್ಯವನ್ನು ಏರಿಸಬೇಕಾದಾಗಲೂ ಒಂದೇ ದಿನದಲ್ಲಿ ಏರಿಸದೆ ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸುವುದು, ದಿನದ ಪಾಲನ್ನು ಎರಡು ಮೂರು ಬಾರಿಗೆ ಹಂಚುವುದು, ಹಿಂಡಿಗೆ ಮುನ್ನ ಒಣಮೇವು ಕೊಡುವುದು ಕ್ಷೇಮಕರ. ಲ್ಯಾಕ್ಟಿಕ್ ಆಮ್ಲವನ್ನೇ ಉಂಡು ಕರಗಿಸುವ ಬ್ಯಾಕ್ಟೀರಿಯಾಗಳೂ ಹೊಟ್ಟೆಯಲ್ಲಿವೆ. ಅವು ಸಂಖ್ಯೆಯಲ್ಲಿ ಬೆಳೆಯಲು ಈ ಕಾಲಾವಕಾಶ ಬೇಕು.

ರಸಮೇವು

ಹಸಿ ಮೇವನ್ನು ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟು, ಲ್ಯಾಕ್ಟಿಕ್ ಆಮ್ಲದ ಹುದುಗುವಿಕೆಯಿಂದ ಕಾಪಾಡುವುದಕ್ಕೆ ರಸಮೇವು ಅಥವಾ ಸೈಲೇಜ್ ಎನ್ನುತ್ತಾರೆ. ಹಸುವಿನ ಹೊಟ್ಟೆಯಲ್ಲಿ ವಿಪತ್ತಾದ ಅದೇ ಆಮ್ಲ ಇಲ್ಲಿ ಸಂರಕ್ಷಕ.

ಕತ್ತರಿಸಿ ತುಂಬಿದ ಮೇವಿನ ಕೋಶಗಳು ಕೂಡಲೇ ಸಾಯುವುದಿಲ್ಲ. ನಡುವೆ ಸಿಕ್ಕಿಕೊಂಡ ಗಾಳಿಯ ಆಮ್ಲಜನಕ ಮುಗಿಯುವವರೆಗೆ ಅವು ಉಸಿರಾಡುತ್ತ ಸಕ್ಕರೆಯನ್ನು ಖರ್ಚು ಮಾಡುತ್ತವೆ, ರಾಶಿ ಬಿಸಿಯಾಗುತ್ತದೆ. ಗಾಳಿ ಮುಗಿದ ಮೇಲೆ ಮೇವಿನೊಂದಿಗೇ ಬಂದಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆಯನ್ನು ಹುದುಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದಾಗ ಆ ಬ್ಯಾಕ್ಟೀರಿಯಾಗಳ ಕೆಲಸವೂ ನಿಲ್ಲುತ್ತದೆ, ಕೊಳೆಸುವ ಸೂಕ್ಷ್ಮಾಣುಗಳೂ ತಲೆಯೆತ್ತುವುದಿಲ್ಲ. ಹೀಗೆ ನೆಲೆಗೊಂಡ ರಸಮೇವು ಗಾಳಿ ಸೋಕದಿದ್ದರೆ ವರ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಗಾಳಿ ಉಳಿದಷ್ಟೂ ಆಮ್ಲವಾಗಬೇಕಾದ ಸಕ್ಕರೆ ವ್ಯರ್ಥವಾಗುವುದರಿಂದ ಒತ್ತುವ ಕೆಲಸದಲ್ಲಿ ಉದಾಸೀನ ಸಲ್ಲದು.

ರಸಮೇವಿಗೆ ಮುಸುಕಿನ ಜೋಳ ಅತ್ಯುತ್ತಮ. ತೆನೆಯ ಕಾಳು ಹಾಲುಗಾಳನ್ನು ದಾಟಿ ಹಿಟ್ಟು ಕಟ್ಟುವ ಹಂತದಲ್ಲಿ ಕಟಾವು ಮಾಡಬೇಕು. ಆಗ ತೇವಾಂಶ ಸುಮಾರು ಶೇಕಡಾ 65ರಿಂದ 70 ಇರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ನೀರು ತೊಟ್ಟಿಕ್ಕದೆ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿಯಾಗಿದೆಯೆಂದು ತಿಳಿಯಬಹುದು. ತೇವ ಹೆಚ್ಚಾದರೆ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬ್ಯುಟಿರಿಕ್ ಆಮ್ಲವನ್ನು ಉಂಟುಮಾಡಿ ಮೇವು ದುರ್ನಾತ ಬೀರುತ್ತದೆ; ಕಡಿಮೆಯಾದರೆ ಒತ್ತಲು ಬಾರದೆ ಬೂಷ್ಟು ಹಿಡಿಯುತ್ತದೆ. ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿ ಸಕ್ಕರೆ ಕಡಿಮೆ, ನೀರು ಹೆಚ್ಚು. ಆದುದರಿಂದ ಅದನ್ನು ಅರ್ಧ ದಿನ ಬಾಡಿಸಿ, 100 ಕಿ.ಗ್ರಾಂ ಮೇವಿಗೆ 2 ಕಿ.ಗ್ರಾಂನಷ್ಟು ಬೆಲ್ಲ ಅಥವಾ ಕಾಕಂಬಿಯನ್ನು ನೀರಿನಲ್ಲಿ ಕದಡಿ ಚಿಮುಕಿಸುವುದು ರೂಢಿ. ಮುಸುಕಿನ ಜೋಳಕ್ಕೆ ಇದರ ಅಗತ್ಯವಿಲ್ಲ. ಮೇವನ್ನು 1ರಿಂದ 2 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಪದರ ಪದರವಾಗಿ ಹರಡಿ ತುಳಿದು, ಆದಷ್ಟು ಬೇಗನೆ ತುಂಬಿ ಪಾಲಿಥಿನ್ ಹಾಳೆಯಿಂದ ಮುಚ್ಚಿ ಮೇಲೆ ಮಣ್ಣು ಅಥವಾ ಭಾರ ಹೇರಬೇಕು. ಸುಮಾರು 45 ದಿನಗಳ ನಂತರ ತೆರೆಯಬಹುದು.

ಗುಂಡಿ ಮಾಡಬೇಕೋ ಚೀಲ ಬಳಸಬೇಕೋ ಎಂಬ ಪ್ರಶ್ನೆಯನ್ನು ಮೊದಲೇ ಲೆಕ್ಕ ಹಾಕಿ ನಿರ್ಧರಿಸುವುದು ಒಳಿತು. ಚೆನ್ನಾಗಿ ಒತ್ತಿದ ರಸಮೇವು ಒಂದು ಘನ ಮೀಟರಿಗೆ ಸುಮಾರು 500ರಿಂದ 600 ಕಿ.ಗ್ರಾಂ ಹಿಡಿಯುತ್ತದೆ. 3 ಮೀ. ಉದ್ದ, 2 ಮೀ. ಅಗಲ, 1.5 ಮೀ. ಆಳದ ಗುಂಡಿಯಲ್ಲಿ ಕನಿಷ್ಠ 4,500 ಕಿ.ಗ್ರಾಂ ಆಯಿತು. ದಿನಕ್ಕೆ ತಲಾ 20 ಕಿ.ಗ್ರಾಂ ತಿನ್ನುವ ಎರಡು ಹಸುಗಳಿಗೆ ಇದು ಸುಮಾರು ನೂರು ದಿನ ಸಾಕಾಗಬೇಕು. ಆದರೆ ತೆರೆದ ಮುಖಕ್ಕೆ ಗಾಳಿ ತಗುಲಿ ಮೇವು ಮತ್ತೆ ಬಿಸಿಯಾಗಿ ಕೆಡುವುದರಿಂದ, ಪ್ರತಿದಿನ ಆ ಮುಖದಿಂದ 10 ಸೆಂ.ಮೀ.ಗೆ ಕಡಿಮೆಯಿಲ್ಲದಂತೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಈ ಅಳತೆಯ ಗುಂಡಿಯಲ್ಲಿ 10 ಸೆಂ.ಮೀ. ಎಂದರೆ ಸುಮಾರು 150 ಕಿ.ಗ್ರಾಂ, ಅಂದರೆ ಏಳೆಂಟು ಹಸುಗಳ ಮೇವು. ಎರಡು ಹಸುಗಳುಳ್ಳವರು ಇಂತಹ ಗುಂಡಿ ತೆರೆದರೆ ತಿನ್ನಿಸುವುದಕ್ಕಿಂತ ಮೊದಲೇ ಕೆಡುವುದು ಹೆಚ್ಚಾಗುತ್ತದೆ. ಅಂತಹವರಿಗೆ 50 ಕಿ.ಗ್ರಾಂ ಹಿಡಿಯುವ, ಗಾಳಿಯಾಡದ ದಪ್ಪ ಚೀಲಗಳು ಉತ್ತಮ. 80 ಚೀಲಗಳಲ್ಲಿ ನೂರು ದಿನದ ಮೇವು ಆಗುತ್ತದೆ, ತೆರೆದ ಚೀಲ ಮರುದಿನವೇ ಮುಗಿಯುತ್ತದೆ. ಇಲಿ, ಹೆಗ್ಗಣಗಳು ತೂತು ಮಾಡದಂತೆ ಎತ್ತರದಲ್ಲಿ ಜೋಡಿಸಿಡುವುದು ಮಾತ್ರ ಅವಶ್ಯಕ.

ಒಳ್ಳೆಯ ರಸಮೇವು ಹಳದಿ ಮಿಶ್ರಿತ ಹಸಿರು ಬಣ್ಣದಲ್ಲಿದ್ದು, ಹಿತವಾದ ಹುಳಿ ವಾಸನೆ ಹೊಂದಿರುತ್ತದೆ. ಬೂಷ್ಟು ಹಿಡಿದ, ಲೋಳೆಯಾದ ಅಥವಾ ಕೊಳೆತ ವಾಸನೆಯ ಭಾಗವನ್ನು ಯಾವ ಪ್ರಾಣಿಗೂ ಹಾಕಬಾರದು. ಮೊದಲ ದಿನಗಳಲ್ಲಿ 5 ಕಿ.ಗ್ರಾಂನಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುವುದು. ಹಾಲಿಗೆ ಅದರ ವಾಸನೆ ಹಿಡಿಯದಿರಲು ಕರೆದ ನಂತರ ತಿನ್ನಿಸುವುದು ಸೂಕ್ತ.

ಗುಂಡಿಯ ಅನಿಲದ ಬಗ್ಗೆ ಎಚ್ಚರಿಕೆ

ಹುದುಗುವಿಕೆಯಿಂದ ಹೊರಬರುವ ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಭಾರವಾಗಿದ್ದು ಆಳದ ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ತುಂಬಿದ ಗುಂಡಿಗೆ ಇಳಿದವರು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಮೇವಿನಲ್ಲಿ ನೈಟ್ರೇಟ್ ಅಂಶ ಅಧಿಕವಾಗಿದ್ದರೆ, ತುಂಬಿದ ಮೊದಲ ಮೂರು ವಾರಗಳಲ್ಲಿ ಕೆಂಗಂದು ಬಣ್ಣದ ನೈಟ್ರೋಜನ್ ಡೈ ಆಕ್ಸೈಡ್ ಎಂಬ ವಿಷಾನಿಲವೂ ಹುಟ್ಟಬಹುದು. ಅದನ್ನು ಉಸಿರಾಡಿದವರಿಗೆ ತಕ್ಷಣ ಏನೂ ಅನಿಸದಿದ್ದರೂ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿರುತ್ತದೆ. ಆದುದರಿಂದ ಅರ್ಧ ತುಂಬಿ ರಾತ್ರಿ ಬಿಟ್ಟ ಆಳದ ಗುಂಡಿಗೆ ಬೆಳಿಗ್ಗೆ ಒಬ್ಬರೇ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿಯುವುದರಿಂದ ಇಬ್ಬರು ಮೂವರು ಒಟ್ಟಿಗೆ ಪ್ರಾಣ ಕಳೆದುಕೊಳ್ಳುವ ದುರಂತಗಳು ಗೋಬರ್ ಗ್ಯಾಸ್ ಗುಂಡಿ, ಹಾಳುಬಾವಿಗಳಲ್ಲಿಯೂ ಸಂಭವಿಸುತ್ತಿರುತ್ತವೆ. ಅಂತಹ ಸಂದರ್ಭದಲ್ಲಿ ಕೆಳಗಿಳಿಯದೆ 112ಕ್ಕೆ ಕರೆ ಮಾಡತಕ್ಕದ್ದು.

ಹಾಲು ಹುಳಿಯುವುದು

ಸಂಘಕ್ಕೆ ಒಯ್ದ ಹಾಲು ಕುದಿಸಿ ನೋಡುವ ಪರೀಕ್ಷೆಯಲ್ಲಿ ಒಡೆದು ತಿರಸ್ಕೃತವಾದರೆ ಆ ಹೊತ್ತಿನ ದುಡಿಮೆ ನಷ್ಟವಾಗುತ್ತದೆ. ಪಾತ್ರೆ ಹಾಗೂ ಕೆಚ್ಚಲಿನಿಂದ ಸೇರಿದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದೇ ಹೆಚ್ಚಿನ ವೇಳೆ ಇದಕ್ಕೆ ಕಾರಣ. ನೀರು ಬೆರೆಸಿದ ಆರೋಪವೂ ಇದೂ ಬೇರೆ ಬೇರೆ. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಸ್ಟೀಲ್ ಪಾತ್ರೆ, ತೊಳೆದು ಒರೆಸಿದ ಕೆಚ್ಚಲು ಹಾಗೂ ಕರೆದ ಕೂಡಲೇ ಹಾಲನ್ನು ಸಂಘಕ್ಕೆ ಮುಟ್ಟಿಸುವುದು, ಇವಿಷ್ಟೇ ಪರಿಹಾರ. ಹುಳಿಯನ್ನು ಮುಚ್ಚಲು ಸೋಡಾ ಬೆರೆಸುವುದು ಕಲಬೆರಕೆಯೆನಿಸಿ ಕಾನೂನುಬಾಹಿರವಾಗುತ್ತದೆ.

ಸೇವೆ ಪಡೆಯುವವರ ಗಮನಕ್ಕೆ

ಆಮ್ಲತೆ, ಹೊಟ್ಟೆ ಉಬ್ಬರ ಮುಂತಾದ ತುರ್ತು ಸಂದರ್ಭಗಳಲ್ಲಿ ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸುವುದು. ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಗಾಗಿ ಶುಲ್ಕರಹಿತ ಸಂಖ್ಯೆ 1962ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಗ್ರಾಮ, ತಾಲ್ಲೂಕು, ಪ್ರಾಣಿಯ ಜಾತಿ ಹಾಗೂ ವಯಸ್ಸು, ಗಬ್ಬವಾಗಿದ್ದಲ್ಲಿ ಎಷ್ಟು ತಿಂಗಳು ಎಂಬ ವಿವರ ಮತ್ತು ತಿಂದ ಆಹಾರದ ವಿವರವನ್ನು ಸಿದ್ಧವಾಗಿಟ್ಟುಕೊಳ್ಳುವುದು.

ವಿಮೆ ಮಾಡಿಸಿದ ಜಾನುವಾರು ಮೃತಪಟ್ಟಲ್ಲಿ ಹೂಳುವ ಮುನ್ನ ವಿಮಾ ಕಂಪನಿಗೂ ಪಶುವೈದ್ಯಾಧಿಕಾರಿಗಳಿಗೂ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸತಕ್ಕದ್ದು. ಕಿವಿಯೋಲೆಯನ್ನು ಕಿವಿಯಿಂದ ಕಿತ್ತು ಬೇರೆಯಾಗಿ ಇಡದೆ ಪರೀಕ್ಷೆಯವರೆಗೆ ಹಾಗೆಯೇ ಉಳಿಸಿಕೊಳ್ಳುವುದು. ಹೊಟ್ಟೆಯಲ್ಲಿ ದೊರೆತ ಧಾನ್ಯ, ದ್ರವದ ಪಿಎಚ್ ಮುಂತಾದವು ಸಾವಿನ ಕಾರಣವನ್ನು ನಿರ್ಧರಿಸಲು ನೆರವಾಗುತ್ತವೆ. ಸತ್ತ ನಂತರವೂ ಹೊಟ್ಟೆಯೊಳಗಿನ ಹುದುಗುವಿಕೆ ನಿಲ್ಲದೆ ಶವ ಬೇಗನೆ ಉಬ್ಬುವುದರಿಂದ ತಡವಾದಷ್ಟೂ ಕಾರಣವನ್ನು ಗುರುತಿಸುವುದು ಕಠಿಣವಾಗುತ್ತದೆ. ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗವಾಗಿರುವ ಸಂಭವವಿದ್ದು, ಅಂತಹ ಶವವನ್ನು ಯಾರೂ ಕೊಯ್ಯದೆ, ಮುಟ್ಟದೆ ಇಲಾಖೆಯ ಸಿಬ್ಬಂದಿ ಬರುವವರೆಗೆ ನಾಯಿ ಹದ್ದುಗಳಿಂದ ಕಾಯತಕ್ಕದ್ದು.